ಸ್ವರ ಬಿದ್ದಾಗ ಪಿಸುದನಿಯಲ್ಲಿ ಪಾಠ ಮಾಡಬಹುದೇ?

ನೆಗಡಿಯ ಬೆನ್ನಿಗೇ ಗಂಟಲು ಕಟ್ಟಿ ನಾಲ್ಕು ದಿನವಾಯಿತು, ಕಷಾಯ ಕುಡಿಯುತ್ತ ಪಿಸುದನಿಯಲ್ಲೇ ತರಗತಿ ನಡೆಸುತ್ತಿದ್ದೇನೆ, ಆ್ಯಂಟಿಬಯಾಟಿಕ್ ಬೇಕೇ ಎಂದು ಕೇಳಿದ್ದೀರಿ. ಮೇಡಂ, ವಾಕ್ ಚಿಕಿತ್ಸಕಿಯಾದ ನಾನು ಮೊದಲು ಬಿಡಿಸುವುದು ಆ ಪಿಸುದನಿಯನ್ನು.

ಧ್ವನಿಪೆಟ್ಟಿಗೆಯಲ್ಲಿರುವ ಎರಡು ಧ್ವನಿತಂತುಗಳು ಮಾತನಾಡುವಾಗ ಹೆಂಗಸರಲ್ಲಿ ಸೆಕೆಂಡಿಗೆ ಸುಮಾರು 200 ಬಾರಿ ಕಂಪಿಸುತ್ತವೆ. ಇಎನ್‌ಟಿ ವೈದ್ಯರ ಕ್ಯಾಮೆರಾದಲ್ಲಿ ನೋಡಿದರೆ ಆರೋಗ್ಯವಾಗಿರುವ ತಂತುಗಳು ಮುತ್ತಿನಂತೆ ಬೆಳ್ಳಗಿರುತ್ತವೆ. ಉರಿಯೂತವಾದಾಗ ಕೆಂಪಗೆ ಊದಿಕೊಂಡು, ಸರಿಯಾಗಿ ಕೂಡುವುದೇ ಇಲ್ಲ. ಉಳಿದ ಸಂದಿಯಲ್ಲಿ ಗಾಳಿ ಸೋರುತ್ತದೆ, ದನಿ ಒಡೆಯುತ್ತದೆ. ಕೊನೆಯ ಬೆಂಚಿಗೂ ಕೇಳಲಿ ಎಂದು ಒತ್ತಿ ಪಿಸುಗುಟ್ಟಿದರೆ ಹಲವರಲ್ಲಿ ಸುತ್ತಲಿನ ಸ್ನಾಯುಗಳು ಬಿಗಿದು ಆಯಾಸ ಹೆಚ್ಚುತ್ತದೆ. ಮಾತನಾಡಲೇಬೇಕಾದರೆ ಹತ್ತಿರ ಕರೆದು, ಮೆಲುದನಿಯಲ್ಲಿ, ಎರಡೇ ಮಾತು. ಪದೇಪದೇ ಗಂಟಲು ಕೆರೆಯುವುದೂ ಬೇಡ; ಊದಿದ ತಂತುಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಕೆರೆತ ಬಂದಾಗ ಒಂದು ಗುಟುಕು ನೀರು ಕುಡಿಯಿರಿ.

ಇನ್ನು ಕಷಾಯ. ನಮ್ಮ ಮನೆಯಲ್ಲೂ ಜ್ಯೇಷ್ಠಮಧುವಿಗೆ ದೊಡ್ಡ ಗೌರವವಿದೆ, ಹಿರಿಯರೆದುರು ನಾನು ವಾದಕ್ಕೆ ನಿಲ್ಲುವುದಿಲ್ಲ. ಆದರೆ ನುಂಗಿದ್ದೆಲ್ಲ ಹಿಂಬದಿಯ ಅನ್ನನಾಳಕ್ಕೆ ಇಳಿಯುತ್ತದೆ. ಅದು ಧ್ವನಿತಂತುವಿಗೆ ತಾಗಿದ್ದರೆ ನೆತ್ತಿಗೇರಿ ಕೆಮ್ಮು ಕಿತ್ತುಕೊಂಡು ಬರುತ್ತಿತ್ತು. ಉಪ್ಪುನೀರು ಮುಕ್ಕಳಿಸಿದರೂ ಅಷ್ಟೇ, ಗಂಟಲಿನ ಮೇಲ್ಭಾಗಕ್ಕೆ ಮಾತ್ರ ಹಿತ. ತಂತುಗಳವರೆಗೆ ನೇರವಾಗಿ ತಲುಪುವುದು ಉಸಿರಿನೊಂದಿಗೆ ಹೋಗುವ ತೇವ. ಹಾಗಾಗಿ ಸ್ನಾನದ ಮನೆಯ ಬಿಸಿ ಹಬೆ ಒಳ್ಳೆಯದು. ಕುದಿಯುವ ಪಾತ್ರೆಯ ಮೇಲೆ ಬಗ್ಗಿ ಮುಖ ಸುಟ್ಟುಕೊಳ್ಳಬೇಡಿ. ನೀರು ಧಾರಾಳವಾಗಿ ಕುಡಿಯಿರಿ, ಸಿಗರೇಟಿನ ಹೊಗೆಯಿಂದ ದೂರವಿರಿ. ಎದೆಯುರಿ, ಹುಳಿತೇಗು ಇರುವವರಾದರೆ ಮೆಣಸಿನ ಖಾರದ ಕಷಾಯ ಅದನ್ನೇ ಕೆರಳಿಸಬಹುದು. ಮೇಲೇರಿ ಬರುವ ಆಮ್ಲವೂ ಧ್ವನಿಪೆಟ್ಟಿಗೆಯನ್ನು ಸುಡುತ್ತದೆ.

ಆ್ಯಂಟಿಬಯಾಟಿಕ್ ಬಗ್ಗೆ ಹೇಳುವುದು ಕಡಿಮೆ. ನೆಗಡಿಯೊಂದಿಗೆ ಬರುವ ಈ ತೊಂದರೆಗೆ ಬಹುಪಾಲು ವೈರಸ್ ಕಾರಣ, ಆ ಮಾತ್ರೆಗೂ ವೈರಸ್ಸಿಗೂ ಸಂಬಂಧವಿಲ್ಲ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ.

ಮೂರು ವಾರವಾದರೂ ದನಿ ತಿಳಿಯಾಗದಿದ್ದರೆ ಇಎನ್‌ಟಿ ವೈದ್ಯರಲ್ಲಿ ಧ್ವನಿಪೆಟ್ಟಿಗೆಯನ್ನು ತೋರಿಸಲೇಬೇಕು. ಕತ್ತಿನಲ್ಲಿ ಗಂಟು ಕಂಡರೆ ಅಥವಾ ಕೆಮ್ಮಿದಾಗ ರಕ್ತ ಬಂದರೆ ಅಷ್ಟು ದಿನವೂ ಕಾಯಬೇಡಿ. ಉಸಿರೆಳೆಯುವಾಗ ಕರ್ಕಶ ಸದ್ದು, ಉಸಿರಾಟದ ಕಷ್ಟ, ಎಂಜಲನ್ನೂ ನುಂಗಲಾಗದ ಸ್ಥಿತಿ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ವರ್ಷಕ್ಕೆ ಹಲವು ಸಲ ಹೀಗಾಗುವ ಶಿಕ್ಷಕರಿಗೆ ಧ್ವನಿ ಚಿಕಿತ್ಸೆ ನಿಜಕ್ಕೂ ಉಪಯುಕ್ತ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅದು ದೊರೆಯುತ್ತದೆ. ಈ ವಾರ ಮಾತ್ರ ಮಕ್ಕಳಿಗೆ ಬರೆಯುವ ಕೆಲಸ ಕೊಡಿ, ಗಟ್ಟಿಯಾಗಿ ಓದುವ ಸರದಿ ಅವರದಾಗಲಿ.