ಸಂಪಾದಕರ ಉತ್ತರ: ಮಳೆ ಬಂದರೂ ಹೊಲ ಒಣಗುವುದೇಕೆ?

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಐದು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ. ಮೂರರಲ್ಲಿ ತೊಗರಿ, ಎರಡರಲ್ಲಿ ಹಿಂಗಾರಿ ಜೋಳ. ಮಳೆ ಹದಿನೈದು ದಿನ ಕೈಕೊಟ್ಟರೂ ಸಾಕು, ತೊಗರಿ ಹೂ ಉದುರುತ್ತದೆ. ಅಪ್ಪನ ಕಾಲಕ್ಕೆ ಹೀಗಿರಲಿಲ್ಲ. ಕೆಳಗಿನ ಒಡ್ಡು ಎರಡು ಸಲ ಒಡೆದಿದೆ. ನನ್ನ ತಮ್ಮ ತನ್ನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಪುಣೆಗೆ ಗುಳೆ ಹೋದ. ಸಾಲ ಮಾಡಿ ದೊಡ್ಡ ಒಡ್ಡು ಹಾಕಿಸಲೇ?"

ಅಣ್ಣಾ, ಅದಕ್ಕಾಗಿ ಸಾಲ ಮಾಡಬೇಡಿ. ಮೊದಲು ಹೊಲದ ಮೇಲ್ತುದಿಯಲ್ಲಿ ಗುದ್ದಲಿ ಹಾಕಿ, ಮಣ್ಣಿನ ಕೆಳಗಿನ ಗರಸು (ಕಲ್ಲುಮಿಶ್ರಿತ ಗಟ್ಟಿ ಪದರ) ಎಷ್ಟು ಆಳಕ್ಕೆ ಸಿಗುತ್ತದೆ ನೋಡಿ. ಒಂದು ಮೀಟರ್ ಆಳದ ಎರೆ ಮಣ್ಣು ಬೆಳೆಗೆ ದಕ್ಕುವ ನೀರನ್ನು ಸುಮಾರು 150ರಿಂದ 200 ಮಿ.ಮೀ. ಹಿಡಿದಿಡುತ್ತದೆ. ಒಂದೇ ಅಡಿ ಮಣ್ಣು ಉಳಿದಿದ್ದರೆ ಹೆಚ್ಚೆಂದರೆ 60. ಹೂವಿನ ಹಂತದ ತೊಗರಿಗೆ ದಿನಕ್ಕೆ 4-5 ಮಿ.ಮೀ. ಬೇಕು, ಎರಡು ವಾರಕ್ಕೆ ಎಲ್ಲ ಖಾಲಿ. ಹಾಗಿದ್ದರೆ ನಿಮ್ಮ ಬರದಲ್ಲಿ ದೊಡ್ಡ ಪಾಲು ಕೊಚ್ಚಿಹೋದ ಮಣ್ಣಿನದು. ಎಕರೆಗೆ ಒಂದು ಮಿ.ಮೀ. ಮಣ್ಣು ಹೋದರೂ ಅದು ಸುಮಾರು 5 ಟನ್, ಕಣ್ಣಿಗೆ ಮಾತ್ರ ಕಾಣುವುದಿಲ್ಲ.

ಮಣ್ಣು ಹೆಚ್ಚು ಹೋಗುವುದು ಜೋಳದ ಹೊಲದಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆ ಜೋರಾಗಿರುವಾಗಲೇ ಅದು ಬರಿ ನೆಲ. ಮುಂಗಾರಿಗೆ ಮೊದಲೇ ಅಲ್ಲಿ ಚೌಕು ಮಡಿ ಮಾಡಿ: ಹತ್ತು ಅಡಿಗೆ ಹತ್ತು ಅಡಿ, ಬದು ಅರ್ಧ ಅಡಿ ಎತ್ತರ. ಬಿದ್ದ ನೀರು ಬಿದ್ದಲ್ಲೇ ಇಂಗುತ್ತದೆ. ಬಿತ್ತುವ ಹೊತ್ತಿಗೆ ಕುಂಟೆ ಹೊಡೆದು ಸಮ ಮಾಡಿಕೊಳ್ಳಿ. ತೊಗರಿಯಲ್ಲಿ ಬಿತ್ತಿದ ತಿಂಗಳಿಗೆ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡವಾಗಿ ದೋಣಿ ಸಾಲು (ನೀರು ನಿಲ್ಲುವ ತಗ್ಗು ಸಾಲು) ತೆಗೆದರೆ ಸಾಕು.

ಒಡ್ಡು ಒಡೆದದ್ದು ಚಿಕ್ಕದಿತ್ತೆಂದಲ್ಲ. ಎರೆ ಮಣ್ಣಿನ ಒಡ್ಡು ಬೇಸಿಗೆಯಲ್ಲಿ ಬುಡದವರೆಗೆ ಬಿರಿಯುತ್ತದೆ. ಮೊದಲ ದೊಡ್ಡ ಮಳೆಯ ನೀರು ಆ ಬಿರುಕಿನಲ್ಲಿ ನುಗ್ಗಿ ಒಳಗೊಳಗೇ ಕೊರೆಯುತ್ತದೆ. ಎತ್ತರಿಸಿದಷ್ಟೂ ಹಿಂದೆ ನೀರು ಹೆಚ್ಚು ನಿಂತು ಬೆಳೆ ಕೊಳೆಯುತ್ತದೆ. ಬಿರುಕನ್ನು ಬುಡದವರೆಗೆ ಅಗಲಿಸಿ, ಹಸಿ ಮಣ್ಣನ್ನು ಅರ್ಧರ್ಧ ಅಡಿಯ ಪದರವಾಗಿ ತುಂಬಿ ತುಳಿಯಿರಿ. ತಗ್ಗಿನ ಮೂಲೆಯಲ್ಲಿ ಒಡ್ಡಿನ ತಲೆಗಿಂತ ಒಂದು ಗೇಣು ಕೆಳಗೆ, ಹೆಚ್ಚಿನ ನೀರು ಹರಿದುಹೋಗಲು ಕಲ್ಲಿನ ಕೋಡಿ ಕಟ್ಟಿ. ನೀರು ಬೀಳುವ ಕಡೆಯೂ ಕಲ್ಲು ಹಾಸಬೇಕು, ಇಲ್ಲವಾದರೆ ಅಲ್ಲಿಂದಲೇ ಕೊರಕಲು ಶುರು. ಒಡ್ಡಿನ ಮೇಲೆ ಜುಲೈನಲ್ಲಿ ಅರ್ಧ ಅಡಿಗೊಂದರಂತೆ ಲಾವಂಚ ನೆಡಿ.

ಇನ್ನು ಮನೆಯ ಮಾತು. ಬೆಳೆ ಕೈಕೊಟ್ಟಾಗ ದನ ಮಾರುತ್ತೇವೆ, ತಿಪ್ಪೆ ಬರಿದಾಗುತ್ತದೆ, ಗೊಬ್ಬರ ಕಾಣದ ನೆಲ ಮಳೆಗೆ ಹೆಪ್ಪುಗಟ್ಟಿ ನೀರು ಕುಡಿಯುವುದಿಲ್ಲ. ರಾಶಿ ಮುಗಿದ ಮೇಲೆ ದುಡಿಯುವ ಕೈಗಳೆಲ್ಲ ಪುಣೆ, ಮುಂಬೈ, ಹೈದರಾಬಾದಿಗೆ. ಒಡ್ಡು ರಿಪೇರಿ ಆಗಬೇಕಾದದ್ದೂ ಅದೇ ಫೆಬ್ರವರಿಯಿಂದ ಮೇ ನಡುವೆ! ಊರಲ್ಲಿ ಉಳಿದ ಮುದುಕರು ಮಣ್ಣು ಹೊರಲಾರರು, ಒಡೆದ ಒಡ್ಡು ಒಡೆದೇ ಇರುತ್ತದೆ, ಜೂನ್ ಮಳೆ ಉಳಿದದ್ದನ್ನೂ ಒಯ್ಯುತ್ತದೆ. ಮಕ್ಕಳ ಶಾಲೆ ತಪ್ಪುವುದು ಇನ್ನೊಂದು ನಷ್ಟ. ಬೆಳೆ ವಿಮೆ ಬೆಳೆಗಷ್ಟೇ, ಹೋದ ಮಣ್ಣಿಗೆ ಅದರಿಂದ ಪರಿಹಾರ ಸಿಗುವುದಿಲ್ಲ.

ಅದಕ್ಕೇ ನಮ್ಮ ಸಲಹೆ: ಸ್ವಂತ ಹೊಲದ ಬದು ಕೆಲಸವನ್ನು ಉದ್ಯೋಗ ಖಾತ್ರಿಯಡಿ ತೆಗೆದುಕೊಳ್ಳಲು ಗ್ರಾಮ ಪಂಚಾಯಿತಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಚೀಟಿ ಇಸಿದುಕೊಳ್ಳಿ. ಮೇಲಿನ ಹೊಲದವರನ್ನೂ ಸೇರಿಸಿಕೊಳ್ಳಿ. ಅವರ ನೀರು ನುಗ್ಗುತ್ತಿದ್ದರೆ ನಿಮ್ಮ ಒಡ್ಡು ನಿಲ್ಲುವುದಿಲ್ಲ. ಕೆಲಸ ಮಂಜೂರಾದ ದಿನವೇ ತಮ್ಮನಿಗೆ ಫೋನ್ ಮಾಡಿ, ಕೂಲಿ ಊರಲ್ಲೇ ಇದೆ ಎಂದು ತಿಳಿಸಿ.