ಪ್ರತಿ ಸಲ ಠೇವಣಿ ಕಳೆದುಕೊಳ್ಳುವ ಪಕ್ಷದಲ್ಲಿದ್ದು ಭರವಸೆ ಉಳಿಸಿಕೊಳ್ಳುವುದು ಹೇಗೆ?

ಮೂರು ಚುನಾವಣೆಗಳಿಂದ ಒಂದು ಸಣ್ಣ ಪಕ್ಷಕ್ಕಾಗಿ ಓಡಾಡುತ್ತಿದ್ದೀರಿ, ಪ್ರತಿ ಸಲವೂ ಠೇವಣಿ ಹೋಗುತ್ತದೆ, ಮನೆಯವರೂ ನಗತೊಡಗಿದ್ದಾರೆ, ಇನ್ನು ಯಾವ ಧೈರ್ಯದಿಂದ ಮುಂದುವರಿಯಲಿ ಎಂದು ಕೇಳಿದ್ದೀರಿ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕ್ಷೇತ್ರದ ಮತದಾರ. ಇಪ್ಪತ್ತು ವರ್ಷಗಳಿಂದ ಇಂಥದ್ದೇ ಒಂದು ಪಕ್ಷದ ಜೊತೆಗಿದ್ದೇನೆ. ಹೆಸರು ಹೇಳಿದರೆ ಮಾತೆಲ್ಲ ಪಕ್ಷದ ಕಡೆಗೆ ಹೊರಳುವುದರಿಂದ ಅದನ್ನು ಬಿಟ್ಟಿದ್ದೇನೆ.

ಠೇವಣಿಯ ನೋವನ್ನು ಮೊದಲು ಕಳಚಿಡಿ. ವಿಧಾನಸಭೆಗೆ ನಿಲ್ಲುವ ಸಾಮಾನ್ಯ ಅಭ್ಯರ್ಥಿ 10,000 ರೂಪಾಯಿ ಕಟ್ಟಬೇಕು, ಸಿಂಧುವಾದ ಮತಗಳಲ್ಲಿ ಆರನೆಯ ಒಂದು ಪಾಲನ್ನಾದರೂ ಮೀರದಿದ್ದರೆ ಆ ಹಣ ಮುಟ್ಟುಗೋಲಾಗುತ್ತದೆ. ಕಾಂಗ್ರೆಸ್ ಮುಂದಾಳತ್ವದ ಐಕ್ಯರಂಗ, ಎಡರಂಗ, ಬಿಜೆಪಿ ಮೂವರೂ ಬಲವಾಗಿರುವ ನಮ್ಮಂಥ ಕ್ಷೇತ್ರದಲ್ಲಿ ನಾಲ್ಕನೆಯವನಿಗೆ ಅಷ್ಟು ಮತ ಉಳಿಯುವುದಾದರೂ ಎಲ್ಲಿಂದ? ನಾವು ಠೇವಣಿಯನ್ನು ನೋಟೀಸು ಅಚ್ಚು ಹಾಕಿಸಿದ ಖರ್ಚಿನ ಜೊತೆಗೇ ಬರೆದಿಡುತ್ತೇವೆ.

ಇನ್ನೊಂದು ಸಮಾಧಾನವಿದೆ, ಅದರ ಬಗ್ಗೆ ಎಚ್ಚರವಿರಲಿ. ಮಂಜೇಶ್ವರದಲ್ಲಿ 2016ರ ಗೆಲುವಿನ ಅಂತರ ಕೇವಲ 89 ಮತ, 2021ರಲ್ಲಿ 745. ಇಂಥ ಅಂಕಿ ಕಂಡಾಗ ಸಣ್ಣ ಪಕ್ಷದವರಿಗೆ ‘ನಾವು ಅತ್ತ ವಾಲಿದ್ದರೆ ಫಲಿತಾಂಶವೇ ಬೇರೆಯಾಗುತ್ತಿತ್ತು’ ಎಂದು ಬೀಗುವ ಆಸೆ ಹುಟ್ಟುತ್ತದೆ. 2016ರಲ್ಲಿ ನಾನೂ ಒಂದು ವಾರ ಬೀಗಿದ್ದೆ. ಆದರೆ ಇನ್ನೊಬ್ಬರ ಸೋಲಿನಲ್ಲಿ ಪಾಲು ಕೇಳುವ ಆ ಸಂತೋಷ ಮುಂದಿನ ಚುನಾವಣೆಯವರೆಗೆ ಬಾಳುವುದಿಲ್ಲ, ನಮ್ಮ ಮತವನ್ನು ಒಂದರಷ್ಟೂ ಹೆಚ್ಚಿಸುವುದಿಲ್ಲ.

ನನಗೆ ನಿಜವಾಗಿ ಧೈರ್ಯ ಕೊಟ್ಟದ್ದು ನಮ್ಮ ಊರಿನ ಹಳೆಯ ಲೆಕ್ಕ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡಿಗರ ಪರವಾಗಿ ನಿಂತ ಕರ್ನಾಟಕ ಸಮಿತಿಗೆ ಈ ಮೂಲೆಯ ಆಚೆಗೆ ನೆಲೆಯೇ ಇರಲಿಲ್ಲ. ಹಾಗಿದ್ದೂ ಅದರ ಕೆ. ಮಹಾಬಲ ಭಂಡಾರಿಯವರು 1960ರಲ್ಲಿ ಮತ್ತು 1967ರಲ್ಲಿ ಮಂಜೇಶ್ವರದಿಂದ ಗೆದ್ದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ (ಇಂದಿನ ಕರ್ನಾಟಕಕ್ಕೆ) ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗವೂ ಹೇಳಿತು, ಆದರೆ ಅದು ಜಾರಿಗೆ ಬರಲಿಲ್ಲ. 1970ರಲ್ಲಿ ಸ್ಥಾನ ಸಿಪಿಐ ಪಾಲಾಯಿತು. ಇಷ್ಟನ್ನೇ ಓದಿದರೆ ಸೋಲಿನ ಕಥೆ ಎನಿಸುತ್ತದೆ. ಆದರೆ ಇಂದು ಮಂಜೇಶ್ವರದಲ್ಲಿ ಯಾವ ಪಕ್ಷವೂ ಕನ್ನಡದ ನೋಟೀಸಿಲ್ಲದೆ ಮನೆಗಳಿಗೆ ಹೋಗುವುದಿಲ್ಲ, 2021ರಲ್ಲಿ ಗೆದ್ದ ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್ ಅವರು ತಿರುವನಂತಪುರದಲ್ಲಿ ಕನ್ನಡದಲ್ಲಿಯೇ ಪ್ರಮಾಣವಚನ ಸ್ವೀಕರಿಸಿದರು. ಸಣ್ಣವರ ಬೇಡಿಕೆಯನ್ನು ದೊಡ್ಡವರು ಎತ್ತಿಕೊಂಡಾಗ ಸಣ್ಣವರ ಮತವೂ ಅದರ ಜೊತೆಗೇ ಹೋಗುತ್ತದೆ. ಇದು ಅನ್ಯಾಯವೆಂದು ನಮ್ಮ ಪಕ್ಷದ ಹಿರಿಯರೊಬ್ಬರು ಈಗಲೂ ವಾದಿಸುತ್ತಾರೆ, ನನಗೇಕೋ ಹಾಗನ್ನಿಸುವುದಿಲ್ಲ.

ಇನ್ನು ನಾನು ಮಾಡುವುದನ್ನು ಹೇಳುತ್ತೇನೆ. ಫಲಿತಾಂಶ ಬಂದ ಮೇಲೆ ಚುನಾವಣಾ ಆಯೋಗ ಪ್ರಕಟಿಸುವ ನಮೂನೆ 20ರಲ್ಲಿ ಮತಗಟ್ಟೆವಾರು ಅಂಕಿ ಸಿಗುತ್ತದೆ. ಕ್ಷೇತ್ರದ ಒಟ್ಟು ಮೊತ್ತವನ್ನು ಬಿಟ್ಟು ನನ್ನ ಮತಗಟ್ಟೆಯ ಸಾಲನ್ನು ಮಾತ್ರ ನೋಡುತ್ತೇನೆ. ಒಮ್ಮೆ ಅಲ್ಲಿ ನಮಗೆ ಬಿದ್ದದ್ದು ಮೂರು ಮತ, ಅಲ್ಲಿನ ಕಾರ್ಯಕರ್ತರು ನಾವು ನಾಲ್ವರು. ಅಂದು ಸಂಜೆ ನಾಲ್ವರೂ ಒಟ್ಟಿಗೆ ಚಹಾ ಕುಡಿದೆವು, ಯಾರೂ ಯಾರನ್ನೂ ಕೇಳಲಿಲ್ಲ. (ಗುಪ್ತ ಮತದಾನವೆಂಬುದು ದೊಡ್ಡ ಪಕ್ಷದವರಿಗೆ ಮಾತ್ರ ಇರುವ ಸೌಕರ್ಯ.) ಮುಂದಿನ ಸಲ ಹನ್ನೊಂದಾಯಿತು. ಜನರು ದುಡ್ಡಿಗೆ ಮರುಳಾದರು, ಜಾತಿ ನೋಡಿದರು ಎಂದು ಮತದಾರರನ್ನು ಹಳಿಯಲು ಹೊರಟವರೆಲ್ಲ ಒಂದೆರಡು ವರ್ಷಗಳಲ್ಲೇ ಪಕ್ಷ ಬಿಟ್ಟು ಮನೆ ಸೇರಿದ್ದನ್ನು ಕಂಡಿದ್ದೇನೆ. ನಮಗೆ ಮತ ಹಾಕದ ನೆರೆಮನೆಯವರನ್ನು ಬೈದ ಮೇಲೆ ಅವರ ಅಂಗಳಕ್ಕೆ ಯಾವ ಮುಖ ಹೊತ್ತು ಹೋಗುವುದು?

ಆ ಹನ್ನೊಂದು ಬಂದದ್ದು ಗ್ರಾಮಸಭೆಯಿಂದ. ಕೇರಳದಲ್ಲಿ ಗ್ರಾಮಸಭೆ ವಾರ್ಡು ಮಟ್ಟದಲ್ಲಿ ಸೇರುತ್ತದೆ, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಹತ್ತನೆಯ ಒಂದು ಪಾಲು ಮತದಾರರಿದ್ದರೆ ಸಾಕು. ಸಾವಿರದಿನ್ನೂರು ಮತದಾರರ ವಾರ್ಡಿನಲ್ಲಿ ನೂರಿಪ್ಪತ್ತು ಜನ ಎಂದಾಯಿತು. ಅಷ್ಟರ ನಡುವೆ ನಾಲ್ವರು ಎದ್ದು ನಿಂತರೆ ಕಾಣಿಸುತ್ತಾರೆ. ನಮ್ಮಲ್ಲಿ ತೋಡು, ಅಂದರೆ ಸಣ್ಣ ಹಳ್ಳ, ದಾಟಲು ಮಕ್ಕಳಿಗೆ ಅಡಿಕೆ ಮರದ ಕಾಲುಸಂಕವೊಂದೇ ಇತ್ತು, ಮಳೆಗಾಲದ ಆಟಿ ತಿಂಗಳಲ್ಲಿ ಅದರ ಮೇಲೆ ಪಾಚಿ ಕಟ್ಟಿ ಕಾಲು ನಿಲ್ಲುತ್ತಿರಲಿಲ್ಲ. ಸಿಮೆಂಟಿನ ಸಂಕ ಬೇಕೆಂದು ಸತತ ಐದು ಗ್ರಾಮಸಭೆಗಳಲ್ಲಿ ಕೇಳಿದೆವು, ಕನ್ನಡದಲ್ಲಿ ಅರ್ಜಿ ಕೊಟ್ಟೆವು. ಕಚೇರಿಯೊಂದರಿಂದ ಮಲೆಯಾಳದಲ್ಲಿ ಉತ್ತರ ಬಂತು. ಇಲ್ಲಿನ ಕನ್ನಡಿಗರು ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯಬಹುದೆಂದು 1969ರ ಕೇರಳದ ಅಧಿಕೃತ ಭಾಷಾ ಕಾಯಿದೆ ಹೇಳುತ್ತದೆ; ಅದನ್ನೇ ಬರೆದು ಆ ಕಾಗದವನ್ನು ಹಿಂದಕ್ಕೆ ಕಳುಹಿಸಿದೆವು. ಐದನೆಯ ಸಭೆಯಲ್ಲಿ ನಾನು ಏಳುವ ಮೊದಲೇ ಬೇರೆ ಪಕ್ಷದ ಕುಟುಂಬದ ಬೀಡಿ ಕಟ್ಟುವ ಅಕ್ಕ ಒಬ್ಬರು ಎದ್ದು ‘ಅವರ ಸಂಕದ ವಿಷಯ ಏನಾಯಿತು?’ ಎಂದು ಕೇಳಿದರು.

ಸಂಕ ಆಯಿತು. ಅದರ ಉದ್ಘಾಟನೆಯ ಫಲಕದಲ್ಲಿ ನಮ್ಮ ಯಾರ ಹೆಸರೂ ಇಲ್ಲ, ಅಂದಿನ ಪಾಯಸ ಮಾತ್ರ ನಾಲ್ವರಿಗೂ ಸಿಕ್ಕಿತು.