ಯಾವ ಮೂಟೆ, ಎಷ್ಟು ಔಟ್‌ಟರ್ನ್?

ಪ್ರಿಯರೇ,

ಇಂಧನ ಕೋಶದ (ಇಂಧನವನ್ನು ಉರಿಸದೆ ನೇರವಾಗಿ ವಿದ್ಯುತ್ತಾಗಿಸುವ ಪೆಟ್ಟಿಗೆ, ಫ್ಯೂಯಲ್ ಸೆಲ್) ಬಗೆಗಿನ ನಿಮ್ಮ ‘ಕೈಚೀಲದಲ್ಲಿ ವಿದ್ಯುತ್ತು’ ಲೇಖನ ನಮ್ಮ ಹಾಸನದ ಕಚೇರಿಗೆ ಬಂದು ಮೂರು ವಾರವಾಯಿತು. ಮೊದಲ ಸಲ ಓದಿ ಬದಿಗಿಟ್ಟೆ, ಎರಡನೆಯ ಸಲ ಕೆಂಪು ಪೆನ್ನು ಹಿಡಿದೆ, ಮೂರನೆಯ ಸಲ ಸಿಟ್ಟು ಬಂತು. ಸಿಟ್ಟು ಬರಿಸದ ಲೇಖನಗಳಿಗೆ ಎರಡು ಸಾಲಿನ ಉತ್ತರ ಬರೆದು ಕೈತೊಳೆದುಕೊಳ್ಳುವುದು ನನ್ನ ರೂಢಿ. ನಿಮಗೆ ಉದ್ದಕ್ಕೆ ಬರೆಯುತ್ತಿದ್ದೇನೆ, ಅದೂ ಈ ಅಂಕಣದಲ್ಲಿ. ಹೆಸರು ಬಿಟ್ಟಿದ್ದೇನೆ. ಮೂಡಿಗೆರೆ ಕಡೆಯವರು ಎಂಬುದನ್ನು ಮಾತ್ರ ಬಿಟ್ಟಿಲ್ಲ. ನನ್ನ ತಕರಾರಿನ ಅರ್ಧಭಾಗ ಅಲ್ಲೇ ಇದೆ.

ಮೆಚ್ಚಿದ್ದನ್ನು ಮೊದಲು ಹೇಳಿಬಿಡುತ್ತೇನೆ. ಭಾಷೆ ಶುದ್ಧವಾಗಿದೆ. ಮೆಥನಾಲ್ ಎಂಬ ಮದ್ಯಸಾರ ಉರಿಯದೆಯೇ ವಿದ್ಯುತ್ತು ಕೊಡುವ ಬಗೆಯನ್ನು ತಪ್ಪಿಲ್ಲದೆ ವಿವರಿಸಿದ್ದೀರಿ. ಆಷಾಢದ ಮಳೆಯಲ್ಲಿ ತಂತಿಯ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲದಾಗ, ನಿಮ್ಮ ತಂದೆ ಜೀಪಿನ ಬಾನೆಟ್ ಎತ್ತಿ, ಒಂದು ಕೈಯಲ್ಲಿ ಛತ್ರಿ ಹಿಡಿದು, ಅದರ ಬ್ಯಾಟರಿಯಿಂದ ಮೊಬೈಲ್ ಚಾರ್ಜ್ ಮಾಡುವ ಆರಂಭದ ಚಿತ್ರ ಚೆನ್ನಾಗಿದೆ. ಅಷ್ಟು.

ಈಗ ಎರಡನೆಯ ಪುಟದ ಮೊದಲ ಸಾಲು: ‘ಇಂಧನ ಕೋಶವು ಲಿಥಿಯಂ ಬ್ಯಾಟರಿಗಿಂತ 25 ಪಟ್ಟು ಶಕ್ತಿಶಾಲಿ.’

ಈ 25 ಎಲ್ಲಿಂದ ಬಂತೆಂದು ನನಗೆ ಗೊತ್ತು. ಒಂದು ಕಿಲೋ ಮೆಥನಾಲ್‌ನಲ್ಲಿ ಸುಮಾರು 5500 ವ್ಯಾಟ್-ಗಂಟೆ ಶಕ್ತಿ ಇದೆ. ಒಳ್ಳೆಯ ಲಿಥಿಯಂ ಬ್ಯಾಟರಿಗೆ ನೀವು ಕಿಲೋಗೆ 220 ಹಿಡಿದಿದ್ದೀರಿ. ಭಾಗಿಸಿದರೆ 25. ಆದರೆ ನೀವು ತೂಗಿದ್ದು ಇಂಧನವನ್ನು, ಕೋಶವನ್ನಲ್ಲ. ಮೆಥನಾಲ್ ತನ್ನಷ್ಟಕ್ಕೆ ಬಲ್ಬು ಉರಿಸುತ್ತದೆಯೇ? ಅದನ್ನು ಹಿಡಿದಿಡುವ ಡಬ್ಬಿ, ಪ್ಲಾಟಿನಂ ಬಳಿದ ಪೊರೆಗಳು, ಪಂಪು, ವಿದ್ಯುತ್ ಮಂಡಲ, ಹೊರಕವಚ ಇವೆಲ್ಲ ತೂಕವಿಲ್ಲದ ವಸ್ತುಗಳೇ? ಅಷ್ಟೂ ಸೇರಿದ ಮೇಲೆ ಆ ಶಕ್ತಿಯ ಕಾಲು ಭಾಗ ವಿದ್ಯುತ್ತಾಗಿ ಕೈಗೆ ಬಂದರೆ ದೊಡ್ಡದು. ಉಳಿದದ್ದು ಬಿಸಿಯಾಗಿ ಹೋಗುತ್ತದೆ, ಒಂದಿಷ್ಟು ಮೆಥನಾಲ್ ಪೊರೆಯನ್ನು ದಾಟಿ ಆಚೆ ಬದಿಯಲ್ಲಿ ವ್ಯರ್ಥವಾಗುತ್ತದೆ.

ನಿಮ್ಮ ಮನೆಯ ಲೆಕ್ಕವನ್ನೇ ಹಾಕೋಣ. ಎರಡು ಬಲ್ಬು, ಎರಡು ಮೊಬೈಲ್, ಒಟ್ಟು 25 ವ್ಯಾಟ್. ಕೋಶವೂ ಡಬ್ಬಿಯೂ ಸೇರಿ 600 ಗ್ರಾಂ ಎಂದಿಟ್ಟುಕೊಳ್ಳಿ. ಎರಡು ಗಂಟೆಯ ಬೆಳಕು ಸಾಕೆಂದರೆ 50 ವ್ಯಾಟ್-ಗಂಟೆ; ಅದಕ್ಕೆ ಮೆಥನಾಲ್ 36 ಗ್ರಾಂ. ಹೊರುವ ತೂಕ 636 ಗ್ರಾಂ. ಅಷ್ಟೇ ಕೆಲಸಕ್ಕೆ ಬ್ಯಾಟರಿ 230 ಗ್ರಾಂ ಸಾಕು. ಅಂದರೆ ನಿಮ್ಮ ‘25 ಪಟ್ಟು ಶಕ್ತಿಶಾಲಿ’ ಇಲ್ಲಿ ಸೋತಿತು. ಆರೇಳು ಗಂಟೆಯ ಹೊತ್ತಿಗೆ ಎರಡೂ ಸಮಸಮ. ದಿನಕ್ಕೆ ಐದು ಗಂಟೆಯಂತೆ ನಾಲ್ಕು ರಾತ್ರಿ ಎಂದರೆ ಕೋಶದ ತೂಕ ಒಂದು ಕಿಲೋದೊಳಗೆ, ಬ್ಯಾಟರಿ 2.3 ಕಿಲೋದ ಆಸುಪಾಸು. ಕೋಶ ಗೆದ್ದಿತು, ಆದರೆ ಎರಡು ಚಿಲ್ಲರೆ ಪಟ್ಟು. ಎಷ್ಟು ಹೊತ್ತಿಗೆ ಎಂದು ಹೇಳದೆ ಎಷ್ಟು ಪಟ್ಟು ಎಂದು ಹೇಳಲು ಬರುವುದಿಲ್ಲ.

ಇಲ್ಲಿಗೆ ಬಂದಾಗ ನನಗೆ ನನ್ನದೇ ಒಂದು ವರದಿ ನೆನಪಾಯಿತು. ಆಗ ನನಗೆ ಇಪ್ಪತ್ತೆರಡು ವರ್ಷ, ಚಿಕ್ಕಮಗಳೂರಿನ ಒಂದು ವಾರಪತ್ರಿಕೆಯಲ್ಲಿ ಹೊಸದಾಗಿ ಸೇರಿದ್ದೆ. ಅಚ್ಚುಮೊಳೆ ಜೋಡಿಸುವ ಕಾಲ. ಬೆಳೆದ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಒಟ್ಟು ದಾಸ್ತಾನಿಗೆ, ಹೋಗುತ್ತಿದ್ದ ಕಾಲ. ಒಂದು ತೋಟದಲ್ಲಿ 400 ಮೂಟೆ ಬಂದಿದೆ, ಬಂಪರ್ ಬೆಳೆ ಎಂದು ಬರೆದುಕೊಟ್ಟೆ. ಸಂಪಾದಕರು ಕನ್ನಡಕದ ಮೇಲಿನಿಂದ ನೋಡಿ, ‘ಯಾವ ಮೂಟೆ?’ ಎಂದರು. ‘ಕಾಫಿ ಮೂಟೆ ಸಾರ್’ ಎಂದೆ. ಮೊಳೆ ಜೋಡಿಸುವವರೆಲ್ಲ ನಕ್ಕರು. ‘ಪಾರ್ಚ್‌ಮೆಂಟೋ, ಚೆರ್ರಿಯೋ, ಕ್ಲೀನೋ? ಔಟ್‌ಟರ್ನ್ ಎಷ್ಟು?’ ನನಗೆ ಮಾತು ಬರಲಿಲ್ಲ. ಪಾರ್ಚ್‌ಮೆಂಟ್ ಎಂದರೆ ಹಣ್ಣಿನ ತಿರುಳು ತೆಗೆದು ಒಣಗಿಸಿದ್ದು, ಚೆರ್ರಿ ಎಂದರೆ ಹಣ್ಣನ್ನು ಇಡಿಯಾಗಿ ಒಣಗಿಸಿದ್ದು, ಕ್ಲೀನ್ ಎಂದರೆ ಸಿಪ್ಪೆ ಬಿಡಿಸಿದ ಬೀಜ; ಔಟ್‌ಟರ್ನ್ ಎಂದರೆ ಒಂದು ಮೂಟೆಯಿಂದ ಕೈಗೆ ಸಿಗುವ ಕ್ಲೀನ್ ಬೀಜದ ತೂಕ. ಮರುದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ತಕ್ಕಡಿಯ ಪಕ್ಕ ನಿಲ್ಲಿಸಿದರು. ಎರಡು ಮೂಟೆ ಚೆರ್ರಿ, ಎರಡೂ 50 ಕಿಲೋ. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿದರೆ ಒಂದರ ಔಟ್‌ಟರ್ನ್ 28 ಕಿಲೋ, ಇನ್ನೊಂದರದು 24. ಎರಡನೆಯ ಮೂಟೆಯ ಯಜಮಾನ ತಕ್ಕಡಿಯನ್ನೇ ಇನ್ನೊಮ್ಮೆ ತೂಗಿಸಬೇಕೆಂಬಂತೆ ನೋಡುತ್ತಿದ್ದರು. ನನ್ನ ವರದಿ ಅಚ್ಚಾಗಲಿಲ್ಲ. ಮೂರು ತಿಂಗಳು ನನಗೆ ಪ್ರೂಫ್ ನೋಡುವ ಕೆಲಸ ಬಿಟ್ಟು ಬೇರೇನೂ ಸಿಗಲಿಲ್ಲ.

ನಿಮ್ಮ 5500, ಸಿಪ್ಪೆ ಸಮೇತ ತೂಗಿದ ಮೂಟೆ.

ಮೂರನೆಯ ಪುಟದಲ್ಲಿ ಅಮೆರಿಕದ ಇಂಧನ ಇಲಾಖೆ 2015ಕ್ಕೆ ಇಟ್ಟುಕೊಂಡಿದ್ದ ಗುರಿಗಳನ್ನು ಸಾಲಾಗಿ ಇಳಿಸಿದ್ದೀರಿ. 10ರಿಂದ 50 ವ್ಯಾಟ್‌ನ ಕೋಶಗಳಿಗೆ ಕಿಲೋಗೆ 45 ವ್ಯಾಟ್, ಕಿಲೋಗೆ 650 ವ್ಯಾಟ್-ಗಂಟೆ, ವ್ಯಾಟ್‌ಗೆ 7 ಡಾಲರ್, 5000 ಗಂಟೆ ಬಾಳಿಕೆ. ಅಂಕಿಗಳು ಸರಿ. ಆದರೆ 45 ಮತ್ತು 650ನ್ನು ಪಕ್ಕಪಕ್ಕ ಇಟ್ಟು, ಎರಡೂ ‘ಶಕ್ತಿ’ ಎಂದು ಬರೆದು ಮುಂದೆ ಹೋಗಿದ್ದೀರಿ. ಒಂದು ಟ್ಯಾಂಕಿನ ನಲ್ಲಿಯ ರಭಸ, ಇನ್ನೊಂದು ಟ್ಯಾಂಕಿನಲ್ಲಿರುವ ನೀರು. 650ನ್ನು 45ರಿಂದ ಭಾಗಿಸಿ ನೋಡಿದ್ದರೆ ಹದಿನಾಲ್ಕು ಗಂಟೆ ಚಿಲ್ಲರೆ ಸಿಗುತ್ತಿತ್ತು. ಒಮ್ಮೆ ತುಂಬಿದ ಇಂಧನ ಪೂರ್ತಿ ಹೊರೆಯಲ್ಲಿ ಅಷ್ಟು ಹೊತ್ತು ಬರಲಿ ಎಂಬುದು ಆ ಜೋಡಿ ಅಂಕಿಗಳೊಳಗೆ ಅಡಗಿದೆ. ಆ ಇಲಾಖೆಯವರು ಇಂಧನ, ಟ್ಯಾಂಕು, ಜೊತೆಗಿರುವ ಸಣ್ಣ ಬ್ಯಾಟರಿ ಎಲ್ಲವನ್ನೂ ತಕ್ಕಡಿಗೆ ಹಾಕಿಯೇ 45 ಎಂದಿದ್ದಾರೆ. ಆ ಮಾತನ್ನು ನೀವು ಕೈಬಿಟ್ಟಿದ್ದೀರಿ.

ಅದೇ ಪುಟದಲ್ಲಿ ಕ್ರಿಯಾಪದಗಳೆಲ್ಲ ಒಮ್ಮೆಲೇ ‘ಬೇಕಾಗಿದೆ’ ಆಗಿಬಿಟ್ಟಿವೆ. ತೂಕ ಇಳಿಸಬೇಕಾಗಿದೆ, ಬೆಲೆ ತಗ್ಗಿಸಬೇಕಾಗಿದೆ, ಬಾಳಿಕೆ ಹೆಚ್ಚಿಸಬೇಕಾಗಿದೆ. ಎಣಿಸಿದೆ, ಹತ್ತೊಂಬತ್ತು. ಯಾರಿಗೆ ಬೇಕಾಗಿದೆ?

‘ವ್ಯಾಟ್‌ಗೆ 7 ಡಾಲರ್ ಆದರೆ ವಿದ್ಯುತ್ತು ಎಲ್ಲರಿಗೂ ಅಗ್ಗ’ ಎಂಬ ಸಾಲಿಗೆ ಬರೋಣ. 25 ವ್ಯಾಟ್‌ಗೆ 175 ಡಾಲರ್. ಇದು ಪೆಟ್ಟಿಗೆಯ ಬೆಲೆ, ವಿದ್ಯುತ್ತಿನ ಬೆಲೆಯಲ್ಲ. 5000 ಗಂಟೆ ಪೂರ್ತಿ ದುಡಿದರೆ 125 ಯೂನಿಟ್ (ಒಂದು ಯೂನಿಟ್ ಎಂದರೆ ಸಾವಿರ ವ್ಯಾಟ್-ಗಂಟೆ) ಬರುತ್ತದೆ. ಮೆಥನಾಲ್‌ನ ಖರ್ಚು ಬಿಟ್ಟೇ ಯೂನಿಟ್‌ಗೆ 1.4 ಡಾಲರ್. ಅದೂ ಪೂರ್ತಿ ದುಡಿಸಿದರೆ. ನಿಮ್ಮ ತಂದೆಗೆ ವರ್ಷಕ್ಕೆ ಎಷ್ಟು ಗಂಟೆ ಬೇಕು? ನೂರು ಎನ್ನೋಣ. 5000 ಗಂಟೆ ಮುಗಿಸಲು ಐವತ್ತು ಮಳೆಗಾಲ ಕಾಯಬೇಕು. ಹತ್ತು ವರ್ಷ ಇಟ್ಟುಕೊಂಡರೆ ಸಿಗುವುದು 25 ಯೂನಿಟ್, ಯೂನಿಟ್‌ಗೆ 7 ಡಾಲರ್. ನಿಮ್ಮ ಮನೆಗೆ 5000 ಗಂಟೆಯ ಬಾಳಿಕೆಯೇ ತಪ್ಪು ಗುರಿ. ಬೇಕಾದದ್ದು, ಹತ್ತು ತಿಂಗಳು ಅಟ್ಟದ ಮೇಲೆ ಮಲಗಿದ್ದು ಆಷಾಢದಲ್ಲಿ ಎಬ್ಬಿಸಿದರೆ ಏಳುವ ಕೋಶ. ಪೊರೆ ಒದ್ದೆಯಾಗಿದ್ದರೆ ಮಾತ್ರ ಕೆಲಸ ಮಾಡುವ ವಸ್ತುವಿಗೆ ನಮ್ಮ ಏಪ್ರಿಲ್ ತಿಂಗಳ ಅಟ್ಟ ಏನು ಮಾಡುತ್ತದೆ? ಇದನ್ನು ನೀವು ಬರೆಯದಿದ್ದರೆ ಇನ್ನಾರು ಬರೆಯುತ್ತಾರೆ?

ತೋಷಿಬಾ ಕಂಪನಿ 2009ರಲ್ಲಿ ಜಪಾನಿನಲ್ಲಿ ಮಾರಿದ ‘ಡೈನಾರಿಯೋ’ ಮೆಥನಾಲ್ ಚಾರ್ಜರ್ ನಿಮ್ಮ ಲೇಖನದಲ್ಲಿ ಇಲ್ಲ. 3000 ಮಾತ್ರ ಬಿಟ್ಟರು, ಬೆಲೆ 29,800 ಯೆನ್, ಕೊಡುತ್ತಿದ್ದುದು 2 ವ್ಯಾಟ್. ಒಂದು ವ್ಯಾಟ್‌ಗೆ 14,900 ಯೆನ್. ಪೆಟ್ಟಿಗೆ ಚಿಕ್ಕದಾದಷ್ಟೂ ವ್ಯಾಟ್‌ನ ಬೆಲೆ ಏರುತ್ತದೆ, ಅದಕ್ಕೇ ಗುರಿಗಳನ್ನು ಗಾತ್ರಕ್ಕೆ ತಕ್ಕಂತೆ ಬೇರೆಬೇರೆ ಇಡುತ್ತಾರೆ. ಅದರ ಬದಲು, ಇಸ್ರೋದ ನಿಯಂತ್ರಣ ಕೇಂದ್ರವಿರುವ ಹಾಸನದ ಓದುಗರಿಗೆ ಹಿಡಿಸಲಿ ಎಂದೋ ಏನೋ, ಇಸ್ರೋ ಪ್ಯಾರಾ ತುರುಕಿದ್ದೀರಿ. 2024ರ ಜನವರಿ 1ರಂದು ಪಿಎಸ್‌ಎಲ್‌ವಿ-ಸಿ58 ರಾಕೆಟ್ಟಿನಲ್ಲಿ ಹೋದ ಕೋಶ 180 ವ್ಯಾಟ್ ಕೊಟ್ಟದ್ದು ನಿಜ. ಆದರೆ ಅದು ಹೈಡ್ರೋಜನ್ನನ್ನೂ ಆಮ್ಲಜನಕವನ್ನೂ ಒತ್ತಡದ ಪಾತ್ರೆಗಳಲ್ಲಿ ತಾನೇ ಹೊತ್ತೊಯ್ದಿತ್ತು. ನಿಮ್ಮ ಮನೆಯ ಕೋಶ ಮೂಡಿಗೆರೆಯ ಗಾಳಿಯನ್ನು ಉಸಿರಾಡಬೇಕು.

ಆ ಗಾಳಿಯ ಬಗ್ಗೆ ಹತ್ತು ಪುಟದಲ್ಲಿ ಒಂದು ಸಾಲಿಲ್ಲ. ಗಾಳಿ ಒಳಬರುವ ಬದಿಯಲ್ಲೇ ಕೋಶ ನೀರನ್ನೂ ಹುಟ್ಟಿಸುತ್ತದೆ. ಫ್ಯಾನ್ ಇಲ್ಲದ ಚಿಕ್ಕ ಕೋಶದಲ್ಲಿ ಆ ನೀರು ತಾನಾಗಿ ಆರಿಹೋಗಬೇಕು. ಹೊರಗೆ ಹಾಕಿದ ಬಟ್ಟೆ ವಾರವಾದರೂ ಒಣಗದ ಕೊಟ್ಟಿಗೆಹಾರದಲ್ಲಿ ಅದು ಎಲ್ಲಿಗೆ ಆರುತ್ತದೆ? ರಂಧ್ರಗಳಲ್ಲಿ ನೀರು ನಿಂತು ಆಮ್ಲಜನಕದ ದಾರಿ ಕಟ್ಟುತ್ತದೆ, ವೋಲ್ಟೇಜ್ ಇಳಿಯುತ್ತದೆ. ಕೊನೆಯ ಪುಟದಲ್ಲಿ ಮುಳ್ಳಯ್ಯನಗಿರಿಯ ಚಾರಣಿಗರ ಬೆನ್ನಿಗೂ ಇದೇ ಪೆಟ್ಟಿಗೆ ಹೊರಿಸಿದ್ದೀರಿ. 1930 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಐದರಲ್ಲಿ ನಾಲ್ಕು ಪಾಲು. ಅಲ್ಲಿಯೂ 25 ವ್ಯಾಟ್ ಎಂದೇ ಬರೆದಿದ್ದೀರಿ. ಜೀಪಿನ ಬಾನೆಟ್ಟಿಗೆ ಛತ್ರಿ ಹಿಡಿದದ್ದನ್ನು ಕಂಡ ಕಣ್ಣು ಎರಡನೆಯ ಪುಟಕ್ಕೇ ಮುಚ್ಚಿಹೋಯಿತಲ್ಲ ಎಂಬುದೇ ನನ್ನ ಸಿಟ್ಟಿಗೆ ಕಾರಣ.

ಲೇಖನವನ್ನು ವಾಪಸು ಕಳುಹಿಸಿದ್ದೇನೆ. ನಿಮ್ಮ ತಂದೆಯವರನ್ನು ಕೂರಿಸಿಕೊಂಡು ಕೇಳಿ: ಹೋದ ಮಳೆಗಾಲದಲ್ಲಿ ಎಷ್ಟು ರಾತ್ರಿ ಕರೆಂಟ್ ಇರಲಿಲ್ಲ, ರಾತ್ರಿಗೆ ಎಷ್ಟು ಹೊತ್ತು ಬೆಳಕು ಬೇಕಾಯಿತು, ಇಂಥದೊಂದು ಪೆಟ್ಟಿಗೆಗೆ ಅವರು ಎಷ್ಟು ರೂಪಾಯಿ ಕೊಟ್ಟಾರು, ಕುಡಿದರೆ ಕಣ್ಣು ಹೋಗುವ ಮೆಥನಾಲ್ ಡಬ್ಬಿಯನ್ನು ಮನೆಯಲ್ಲಿ ಎಲ್ಲಿ ಇಡುತ್ತಾರೆ. ನಾನು ಊಹಿಸಿದ ನೂರು ಗಂಟೆ ತಪ್ಪಿದ್ದರೆ ತಿದ್ದಿ. ಆ ಉತ್ತರಗಳಿಂದ ಗುರಿಗಳನ್ನು ಕಟ್ಟಿ, ನಾಲ್ಕು ಪುಟ ಸಾಕು. ಜೀಪಿನ ಪ್ಯಾರಾ ಮುಟ್ಟಬೇಡಿ.

ಐದನೆಯ ಪುಟದ ಅಂಚಿನ ಕಂದು ಕಲೆ ನಮ್ಮ ಕಚೇರಿಯ ಕಾಫಿಯದು. ಕ್ಷಮಿಸಿ.

ಇಂತಿ,
ಸಂಪಾದಕ